ಅಮೂರ್ತ ಬೀಜಗಣಿತ ಸ್ವಂತವಾಗಿ ಕಲಿಯಲು ಯಾವ ಪುಸ್ತಕ? ಮೊದಲ ಪುಟ ಬೇಡ, ಕೋಸೆಟ್ ಪುಟ ತೆರೆಯಿರಿ

ಮೊದಲ ಅಧ್ಯಾಯ ನೋಡಿ ಪುಸ್ತಕ ಆರಿಸಬೇಡಿ. ಮೊದಲ ಅಧ್ಯಾಯ ಎಲ್ಲ ಪುಸ್ತಕದಲ್ಲೂ ಚೆನ್ನಾಗಿಯೇ ಇರುತ್ತದೆ. ಒಂದು ಚೌಕವನ್ನು ತಿರುಗಿಸುತ್ತಾರೆ, ಗಡಿಯಾರದ ಲೆಕ್ಕ ಹೇಳುತ್ತಾರೆ, ನಾಲ್ಕು ನಿಯಮ ಬರೆದು ಗ್ರೂಪ್ (ಎರಡನ್ನು ಸೇರಿಸಿದರೆ ಒಳಗಿನದೇ ಒಂದು ಸಿಗುವ, ಸೇರಿಸಿದ್ದನ್ನು ಬಿಡಿಸಲೂ ಬರುವ ಕೂಟ) ಅಂದರೆ ಇದೇ ಅನ್ನುತ್ತಾರೆ. ಓದುವವರಿಗೂ "ಅಯ್ಯೋ, ಇಷ್ಟೇನಾ" ಅನಿಸುತ್ತದೆ. ಎಡವುವುದು ಆಮೇಲೆ. ಕೋಸೆಟ್ ಬಂದು, ಅದರ ಬೆನ್ನಿಗೇ ಕ್ವೋಶೆಂಟ್ ಗ್ರೂಪ್ ಬಂದಾಗ. (ಇವೆರಡೂ ಏನು ಅಂತ ಕೆಳಗೆ ಹೇಳುತ್ತೇನೆ.) ಸ್ವಂತವಾಗಿ ಕಲಿಯಲು ಹೊರಟವರಲ್ಲಿ ಬಹಳ ಜನ ಪುಸ್ತಕ ಮುಚ್ಚಿಡುವುದು ಈ ಜಾಗದಲ್ಲೇ ಅಂತ ನನ್ನ ಅನುಮಾನ. ನಾನಂತೂ ಎರಡು ಸಲ ಅಲ್ಲೇ ಮುಚ್ಚಿಟ್ಟೆ.

ಮೊದಲ ಸಲ ತಂದಿದ್ದು ಒಂದು ದಪ್ಪ ಪುಸ್ತಕ. "ಓದಿದರೆ ಇದನ್ನೇ ಓದಬೇಕು" ಅಂತ ಯಾರೋ ಹೇಳಿದ್ದರು. ಎರಡನೇ ಸಲ ಪುಸ್ತಕವೇ ಬೇಡ ಅಂತ ಬರೀ ವಿಡಿಯೋ ನೋಡಿದೆ. ನೋಡುವಾಗ ಎಲ್ಲ ಅರ್ಥವಾಯಿತು, ಒಂದು ಲೆಕ್ಕ ಮಾಡೋಣ ಅಂತ ಕೂತರೆ ಪೆನ್ಸಿಲ್ ಅಲ್ಲಾಡಲಿಲ್ಲ. ಮೂರನೇ ಸಲಕ್ಕೆ ಬುದ್ಧಿ ಬಂತು. ಅಂಗಡಿಯಲ್ಲೋ ಲೈಬ್ರರಿಯಲ್ಲೋ ಪುಸ್ತಕ ಕೈಗೆತ್ತಿಕೊಂಡರೆ ಸೀದಾ ಕ್ವೋಶೆಂಟ್ ಗ್ರೂಪ್ ಬರುವ ಪುಟಕ್ಕೆ ಹೋಗುವುದು. ಅಲ್ಲಿಗೆ ಬರುವ ಮುಂಚೆ ಲೇಖಕರು ಎಷ್ಟು ಉದಾಹರಣೆ ಕೊಟ್ಟಿದ್ದಾರೆ, ಬಂದ ಮೇಲೆ ಎಷ್ಟು ಹೊತ್ತು ನಿಲ್ಲುತ್ತಾರೆ, ಆಮೇಲೆ ಏನು ಲೆಕ್ಕ ಕೊಡುತ್ತಾರೆ. ಇಷ್ಟು ನೋಡಿದರೆ ಆ ಪುಸ್ತಕದ ಗುಣ ಗೊತ್ತಾಗುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗ್ರೂಪ್, ರಿಂಗ್ (ಕೂಡಲೂ ಗುಣಿಸಲೂ ಬರುವ ಕೂಟ), ಫೀಲ್ಡ್ (ಭಾಗಿಸಲೂ ಬರುವ ರಿಂಗ್), ಕೋಸೆಟ್ ಇವಕ್ಕೆಲ್ಲ ಇಲ್ಲಿ ಕನ್ನಡ ಪದ ಹುಡುಕಿಲ್ಲ. ನೀವು ತೆರೆಯುವ ಪುಸ್ತಕದಲ್ಲಿ ಇರುವುದು ಇವೇ ಪದಗಳು, ಇಲ್ಲೂ ಅವೇ ಇರಲಿ.

ಎಡವುವ ಜಾಗ ಹೇಗಿರುತ್ತದೆ

12 ಗಂಟೆಯ ಗಡಿಯಾರ ತೆಗೆದುಕೊಳ್ಳಿ. 0ಯಿಂದ 11ರವರೆಗಿನ ಸಂಖ್ಯೆಗಳು, ಕೂಡಿದಾಗ 12 ಮುಟ್ಟಿದರೆ ಮತ್ತೆ 0ಯಿಂದ. ಇದು ಒಂದು ಗ್ರೂಪ್. ಇದರೊಳಗೆ 0, 4, 8 ಈ ಮೂರೇ ತಮ್ಮಷ್ಟಕ್ಕೆ ಒಂದು ಪುಟ್ಟ ಗ್ರೂಪ್, ಅಂದರೆ ಸಬ್‌ಗ್ರೂಪ್. ಈ ಮೂರಕ್ಕೂ 1 ಕೂಡಿಸಿದರೆ 1, 5, 9. 2 ಕೂಡಿಸಿದರೆ 2, 6, 10. 3 ಕೂಡಿಸಿದರೆ 3, 7, 11. ಒಟ್ಟು ನಾಲ್ಕು ಕಟ್ಟು. ಈ ಕಟ್ಟುಗಳೇ ಕೋಸೆಟ್.

ಈಗ ಎರಡನೇ ಕಟ್ಟಿನಿಂದ ಒಂದು, ಮೂರನೇ ಕಟ್ಟಿನಿಂದ ಒಂದು ಎತ್ತಿ ಕೂಡಿಸಿ. 1 ಮತ್ತು 2 ಕೂಡಿದರೆ 3. 5 ಮತ್ತು 10 ಕೂಡಿದರೆ 15, ಅಂದರೆ 3. 5 ಮತ್ತು 2 ಕೂಡಿದರೆ 7. 1 ಮತ್ತು 10 ಕೂಡಿದರೆ 11. ಯಾವುದನ್ನು ಎತ್ತಿದರೂ ಉತ್ತರ ನಾಲ್ಕನೇ ಕಟ್ಟಿನಲ್ಲೇ ಬೀಳುತ್ತದೆ. ಹಾಗಾದರೆ ಸಂಖ್ಯೆಗಳನ್ನು ಮರೆತು ಕಟ್ಟುಗಳನ್ನೇ ಕೂಡಿಸಬಹುದು, ಅಲ್ವಾ? ಆ ನಾಲ್ಕು ಕಟ್ಟುಗಳ ಗ್ರೂಪೇ ಕ್ವೋಶೆಂಟ್ ಗ್ರೂಪ್. ಅದು 4 ಗಂಟೆಯ ಗಡಿಯಾರದ ಹಾಗೆಯೇ ನಡೆಯುತ್ತದೆ.

ಇಷ್ಟು ಓದಿ ತಲೆದೂಗಿ ಮುಂದೆ ಹೋದರೆ ಸಿಕ್ಕಿಹಾಕಿಕೊಂಡಿರಿ ಅಂತಲೇ ಲೆಕ್ಕ. ಯಾಕೆಂದರೆ ಇದು ಯಾವಾಗಲೂ ನಡೆಯುವುದಿಲ್ಲ.

ಒಂದು ಕಾಗದದ ತ್ರಿಕೋನ ಕತ್ತರಿಸಿಕೊಳ್ಳಿ, ಮೂರೂ ಬಾಹು ಸಮ ಇರಲಿ. ಮೂಲೆಗಳಿಗೆ ಎರಡೂ ಬದಿಯಲ್ಲಿ 1, 2, 3 ಅಂತ ಬರೆಯಿರಿ. 120 ಡಿಗ್ರಿ ಬಲಕ್ಕೆ ತಿರುಗಿಸುವುದನ್ನು "ತಿ" ಅನ್ನೋಣ. ನಿಂತ ಗೆರೆಯೊಂದನ್ನು ಹಿಡಿದು ಮಗುಚುವುದನ್ನು "ಮ" ಅನ್ನೋಣ. ಮೊದಲು ಮಗುಚಿ ಆಮೇಲೆ ತಿರುಗಿಸಿದರೆ "ಮತಿ". (ಒಳ್ಳೇ ಹೆಸರೇ ಬಂತು.) ಏನೂ ಮಾಡದೆ ಇರುವುದು ಮತ್ತು ಮ, ಈ ಎರಡು ಸೇರಿ ಒಂದು ಪುಟ್ಟ ಗ್ರೂಪ್. ಇದರಿಂದ ಮೂರು ಕಟ್ಟು ಬರುತ್ತವೆ: ಮೊದಲನೆಯದರಲ್ಲಿ "ಏನೂ ಇಲ್ಲ" ಮತ್ತು ಮ. ಎರಡನೆಯದರಲ್ಲಿ ತಿ ಮತ್ತು ಮತಿ. ಮೂರನೆಯದರಲ್ಲಿ ತಿತಿ ಮತ್ತು ಮತಿತಿ.

ಎರಡನೇ ಕಟ್ಟನ್ನು ಎರಡನೇ ಕಟ್ಟಿನ ಜೊತೆಗೇ ಸೇರಿಸಿ ನೋಡಿ. ತಿ ಆದ ಮೇಲೆ ತಿ ಮಾಡಿದರೆ ತಿತಿ, ಮೂರನೇ ಕಟ್ಟು. ಸರಿ. ಈಗ ತಿ ಆದ ಮೇಲೆ ಮತಿ ಮಾಡಿ: ತಿರುಗಿಸಿ, ಮಗುಚಿ, ಮತ್ತೆ ತಿರುಗಿಸಿ. ಕಾಗದ ಹಿಡಿದು ಮಾಡಿಯೇ ನೋಡಿ. ಕೊನೆಗೆ ಉಳಿಯುವುದು ಬರೀ ಮ. ಮಧ್ಯೆ ಮಗುಚಿದ್ದರಿಂದ ಮೊದಲ ತಿರುವು ಉಲ್ಟಾ ಆಗಿ, ಎರಡನೇ ತಿರುವಿನ ಜೊತೆ ವಜಾ ಆಯಿತು. ಮ ಇರುವುದು ಮೊದಲನೇ ಕಟ್ಟಿನಲ್ಲಿ. ಅವೇ ಎರಡು ಕಟ್ಟು, ಎತ್ತಿದ್ದು ಬೇರೆ, ಉತ್ತರ ಬೇರೆ ಕಟ್ಟಿನಲ್ಲಿ. ಕಟ್ಟುಗಳ ಕೂಡಿಕೆ ಇಲ್ಲಿ ಕುಸಿದು ಬಿತ್ತು.

ಹೀಗೆ ಕುಸಿಯದ ಸಬ್‌ಗ್ರೂಪ್‌ಗೆ ನಾರ್ಮಲ್ ಅನ್ನುತ್ತಾರೆ. ಆ ಪದದ ಹಿಂದೆ ಇರುವುದು ಇಷ್ಟು. ಈ ಕುಸಿತವನ್ನು ಕಣ್ಣಾರೆ ತೋರಿಸಿ ಆಮೇಲೆ "ನಾರ್ಮಲ್" ಅನ್ನುವ ಪುಸ್ತಕ ಬೇರೆ, ಮೊದಲು ವ್ಯಾಖ್ಯೆ ಬರೆದು ಕುಸಿತವನ್ನು ನೀವೇ ಕಂಡುಕೊಳ್ಳಲಿ ಅಂತ ಬಿಡುವ ಪುಸ್ತಕ ಬೇರೆ. ಎರಡನೇ ಬಗೆ ಕೆಟ್ಟದ್ದೇನಲ್ಲ. ಆದರೆ ಕೇಳಲು ಪಕ್ಕದಲ್ಲಿ ಯಾರೂ ಇಲ್ಲದವರಿಗೆ ಮೊದಲನೆಯದೇ ಬೇಕು.

ನೀವು ತಯಾರಿದ್ದೀರಾ?

ಪುಸ್ತಕಕ್ಕಿಂತ ಮುಂಚೆ ಒಂದು ಲೆಕ್ಕ ಮಾಡಿ ನೋಡಿ. ಒಂದು ಗ್ರೂಪ್‌ನಲ್ಲಿ ಯಾವ ಕೆಲಸವನ್ನು ಎರಡು ಸಲ ಮಾಡಿದರೂ ಏನೂ ಮಾಡದ ಹಾಗೆ ಆಗುತ್ತದೆ. ಹಾಗಿದ್ದರೆ ಅಲ್ಲಿ ಯಾವ ಎರಡು ಕೆಲಸವನ್ನೂ ಹಿಂದೆಮುಂದೆ ಮಾಡಬಹುದು, ವ್ಯತ್ಯಾಸ ಆಗುವುದಿಲ್ಲ. ಇದನ್ನು ಸಾಧಿಸಿ. ಹೆಚ್ಚುಕಡಿಮೆ ಎಲ್ಲ ಪುಸ್ತಕದಲ್ಲೂ ಈ ಲೆಕ್ಕ ಸಿಗುತ್ತದೆ.

ಉತ್ತರ ಎರಡೇ ಸಾಲು. ಅ, ಬ ಅಂತ ಎರಡು ಕೆಲಸ. ಅಬ ಅನ್ನುವುದೂ ಒಂದು ಕೆಲಸ, ಹಾಗಾಗಿ ಅಬಅಬ ಅಂದರೆ ಏನೂ ಇಲ್ಲ. ಇದರ ಎಡಕ್ಕೆ ಒಂದು ಅ, ಬಲಕ್ಕೆ ಒಂದು ಬ ಸೇರಿಸಿ. ಒಂದು ಕಡೆ ಅಅ ಹೋಯಿತು, ಬಬ ಹೋಯಿತು, ಬಅ ಉಳಿಯಿತು. ಇನ್ನೊಂದು ಕಡೆ ಅಬ. ಎರಡೂ ಒಂದೇ.

ಇದನ್ನು ಓದಿ "ಓಹೋ" ಅನಿಸಿದರೆ ಯಾವ ಪುಸ್ತಕಕ್ಕಾದರೂ ಕೈ ಹಾಕಬಹುದು. "ಎಡಕ್ಕೆ ಅ ಸೇರಿಸಬೇಕು ಅಂತ ಹೊಳೆಯುವುದು ಹೇಗೆ?" ಅನಿಸಿದರೂ ಚಿಂತೆ ಇಲ್ಲ, ಅದು ಅಭ್ಯಾಸದಿಂದ ಬರುತ್ತದೆ. ಆದರೆ "ಇದು ಸಾಧನೆ ಹೇಗಾಯಿತು? ಒಂದು ಉದಾಹರಣೆ ಕೊಟ್ಟರೆ ಸಾಲದಾ?" ಅನ್ನುವ ಪ್ರಶ್ನೆ ಬಂದರೆ ಒಂದು ತಿಂಗಳು ಬೇರೆ ಕಡೆ ಕಳೆಯುವುದು ಲಾಭ. ರಿಚರ್ಡ್ ಹ್ಯಾಮ್ಯಾಕ್ ಬರೆದ 'ಬುಕ್ ಆಫ್ ಪ್ರೂಫ್' ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಗಣ, ಫಂಕ್ಷನ್, ಈಕ್ವಿವಲೆನ್ಸ್ ರಿಲೇಶನ್ (ಒಂದೇ ಬಗೆಯವನ್ನೆಲ್ಲ ಒಂದು ಕಟ್ಟಿಗೆ ಸೇರಿಸುವ ಸಂಬಂಧ), ಸಾಧನೆ ಬರೆಯುವ ಬಗೆ ಎಲ್ಲ ಅದರಲ್ಲಿದೆ. ಈಕ್ವಿವಲೆನ್ಸ್ ರಿಲೇಶನ್ ಭಾಗವನ್ನು ಮಾತ್ರ ಹಾರಿಸಬೇಡಿ. ಕೋಸೆಟ್ ಅಂದರೆ ಅದೇ ವಿಷಯ ಬೇರೆ ವೇಷದಲ್ಲಿ ಬರುವುದು.

ಪಿಂಟರ್ ಮತ್ತು ಗ್ಯಾಲಿಯನ್: ನಿಜವಾದ ಆಯ್ಕೆ ಇಲ್ಲೇ ಇರುವುದು

ಸ್ವಂತವಾಗಿ ಕಲಿಯುವ ಹೆಚ್ಚಿನವರಿಗೆ ಈ ಎರಡರಲ್ಲಿ ಒಂದು ಸಾಕು ಅಂತ ನನ್ನ ಅಭಿಪ್ರಾಯ. ಹಾಗಾಗಿ ಇವೆರಡರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಚಾರ್ಲ್ಸ್ ಪಿಂಟರ್ ಅವರ 'ಎ ಬುಕ್ ಆಫ್ ಆಬ್‌ಸ್ಟ್ರ್ಯಾಕ್ಟ್ ಆಲ್ಜಿಬ್ರಾ' ಮೊದಲು ಬಂದಿದ್ದು 1982ರಲ್ಲಿ, ಎರಡನೇ ಆವೃತ್ತಿ 1990ರಲ್ಲಿ. ಅದನ್ನೇ ಡೋವರ್ ಪ್ರಕಾಶನ 2010ರಲ್ಲಿ ಮರುಮುದ್ರಿಸಿತು. ಈಗ ಸಿಗುವುದು ಆ ಪುಸ್ತಕ. 33 ಪುಟ್ಟ ಪುಟ್ಟ ಅಧ್ಯಾಯಗಳು. ಪಾಠ ನಾಲ್ಕೈದು ಪುಟದಲ್ಲಿ ಮುಗಿಯುತ್ತದೆ, ಆಮೇಲೆ ಅಷ್ಟೇ ಉದ್ದಕ್ಕೆ ಲೆಕ್ಕಗಳು. ಆ ಲೆಕ್ಕಗಳೇ ಪುಸ್ತಕದ ಜೀವ. ಸುಮ್ನೆ ಒಂದರ ಕೆಳಗೊಂದು ಪೇರಿಸಿಲ್ಲ, ವಿಷಯದ ಪ್ರಕಾರ ಗುಂಪು ಮಾಡಿದ್ದಾರೆ. ಒಂದು ಗುಂಪಿನ ಮೊದಲ ಲೆಕ್ಕ ಸುಲಭ, ಎರಡನೆಯದು ಅದರ ಮೇಲೆ ನಿಲ್ಲುತ್ತದೆ, ಐದಾರು ಮುಗಿಸುವ ಹೊತ್ತಿಗೆ ಒಂದು ಹೆಸರುವಾಸಿ ಪ್ರಮೇಯವನ್ನು ನೀವೇ ಸಾಧಿಸಿರುತ್ತೀರಿ. ಪಕ್ಕದಲ್ಲಿ ಮೇಷ್ಟ್ರು ಕೂತು "ಇದಾಯ್ತಾ? ಈಗ ಇದು ಮಾಡು" ಅಂದ ಹಾಗೆ.

ಕೋಸೆಟ್ ಪರೀಕ್ಷೆಯಲ್ಲಿ ಪಿಂಟರ್ ಹೇಗೆ? 13ನೇ ಅಧ್ಯಾಯ ಕೋಸೆಟ್, 14 ಹೋಮೋಮಾರ್ಫಿಸಮ್ (ಕೂಡಿಕೆ ಕೆಡದ ಹಾಗೆ ಒಂದು ಗ್ರೂಪ್‌ನಿಂದ ಇನ್ನೊಂದಕ್ಕೆ ಹೋಗುವ ದಾರಿ), 15 ಕ್ವೋಶೆಂಟ್ ಗ್ರೂಪ್, 16 ಆ ಮೂರನ್ನೂ ಸೇರಿಸುವ ಪ್ರಮೇಯ. ಅಂದರೆ ಕಷ್ಟದ ಜಾಗವನ್ನು ನಾಲ್ಕು ತುಂಡು ಮಾಡಿ ನಾಲ್ಕು ದಿನಕ್ಕೆ ಹಂಚಿದ್ದಾರೆ. ಒಂದು ಸಂಜೆಗೆ ಒಂದು ತುಂಡು ಹಿಡಿಯುತ್ತದೆ. ಕೆಲಸ ಮುಗಿಸಿ ಬಂದು ರಾತ್ರಿ ಒಂದು ಗಂಟೆ ಓದುವವರಿಗೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ.

ಕೊರತೆಯೂ ಇದೆ. ಲೆಕ್ಕ ಮಾಡದೆ ಪಾಠ ಮಾತ್ರ ಓದಿದರೆ ಪಿಂಟರ್‌ನಲ್ಲಿ ಅರ್ಧ ವಿಷಯ ಸಿಗುವುದೇ ಇಲ್ಲ. ಸೈಲೋ ಪ್ರಮೇಯದಂಥ ದೊಡ್ಡ ಫಲಿತಾಂಶವೂ ಲೆಕ್ಕಗಳ ಒಳಗೆ ಅಡಗಿ ಕೂತಿದೆ. ಆಮೇಲೆ ಅದನ್ನು ಹುಡುಕೋಣ ಅಂದರೆ ಯಾವ ಅಧ್ಯಾಯದ ಯಾವ ಗುಂಪಿನಲ್ಲಿತ್ತು ಅಂತ ತಡಕಾಡಬೇಕು. ಕೊನೆಯಲ್ಲಿ ಗಾಲ್ವಾ ಸಿದ್ಧಾಂತಕ್ಕೆ (ಸಮೀಕರಣಗಳನ್ನು ಗ್ರೂಪ್ ಹಿಡಿದು ನೋಡುವ ಭಾಗ) ಬರುವ ಹೊತ್ತಿಗೆ ಓಟವೂ ಜೋರಾಗುತ್ತದೆ. ಉತ್ತರ ಇರುವುದು ಆಯ್ದ ಕೆಲವು ಲೆಕ್ಕಗಳಿಗೆ ಮಾತ್ರ.

ಜೋಸೆಫ್ ಗ್ಯಾಲಿಯನ್ ಅವರ 'ಕಂಟೆಂಪರರಿ ಆಬ್‌ಸ್ಟ್ರ್ಯಾಕ್ಟ್ ಆಲ್ಜಿಬ್ರಾ' 1986ರಿಂದ ಹೊಸ ಹೊಸ ಆವೃತ್ತಿಗಳಲ್ಲಿ ಬರುತ್ತಲೇ ಇದೆ. ಇವರ ಸ್ವಭಾವ ಬೇರೆ. ಪಿಂಟರ್ ಮಿತಭಾಷಿ, ಗ್ಯಾಲಿಯನ್ ಮಾತುಗಾರ. ಮೊದಲ ಅಧ್ಯಾಯದಲ್ಲೇ ಚೌಕದ 8 ಸಮ್ಮಿತಿಗಳನ್ನು (ತಿರುಗಿಸಿಯೋ ಮಗುಚಿಯೋ ಅದೇ ಜಾಗದಲ್ಲಿ ಕೂರಿಸುವ ಬಗೆಗಳನ್ನು) ಕೈಗೆ ಕೊಟ್ಟು ಪೂರ್ತಿ ಕೋಷ್ಟಕ ಬರೆಸುತ್ತಾರೆ. ಉದಾಹರಣೆ ಮೇಲೆ ಉದಾಹರಣೆ. ಸರಕಿನ ಮೇಲಿನ ಬಾರ್‌ಕೋಡ್‌ನ ಕೊನೆಯ ಅಂಕಿ ತಪ್ಪನ್ನು ಹೇಗೆ ಹಿಡಿಯುತ್ತದೆ ಅನ್ನುವಂಥ ವಿಷಯಗಳೂ ಇವೆ. ಅಧ್ಯಾಯದ ಕೊನೆಗೆ ಗಣಿತಜ್ಞರ ಪುಟ್ಟ ಪರಿಚಯಗಳು. ಬೆಸ ಸಂಖ್ಯೆಯ ಲೆಕ್ಕಗಳಿಗೆ ಹಿಂದೆ ಚುಟುಕು ಉತ್ತರವೋ ಸುಳಿವೋ ಸಿಗುತ್ತದೆ. ಒಂಟಿಯಾಗಿ ಕಲಿಯುವವರಿಗೆ ಇದು ದೊಡ್ಡ ಸಮಾಧಾನ.

ಇದರಲ್ಲಿ ಕೋಸೆಟ್ 7ನೇ ಅಧ್ಯಾಯ, ನಾರ್ಮಲ್ ಮತ್ತು ಫ್ಯಾಕ್ಟರ್ ಗ್ರೂಪ್ 9ನೇ ಅಧ್ಯಾಯ, ಹೋಮೋಮಾರ್ಫಿಸಮ್ 10. ಕ್ವೋಶೆಂಟ್ ಗ್ರೂಪ್‌ಗೆ ಇವರು ಕರೆಯುವುದು ಫ್ಯಾಕ್ಟರ್ ಗ್ರೂಪ್ ಅಂತ, ಗಾಬರಿ ಬೇಡ, ಎರಡೂ ಒಂದೇ. ಪಿಂಟರ್‌ನಲ್ಲಿ ಹೋಮೋಮಾರ್ಫಿಸಮ್ ಮೊದಲು, ಕಟ್ಟುಗಳ ಗ್ರೂಪ್ ಆಮೇಲೆ. ಇಲ್ಲಿ ಉಲ್ಟಾ. ನನಗೆ ಪಿಂಟರ್ ದಾರಿ ಹಿಡಿಸಿತು. ಒಂದು ಗ್ರೂಪ್‌ನಿಂದ ಇನ್ನೊಂದಕ್ಕೆ ಹೋಗುವ ದಾರಿ ಗೊತ್ತಿದ್ದರೆ, ಒಂದೇ ಜಾಗಕ್ಕೆ ಹೋಗಿ ಬೀಳುವವರೆಲ್ಲ ಒಂದು ಕಟ್ಟು ಅನ್ನುವುದು ಸಹಜವಾಗಿ ಕಾಣುತ್ತದೆ. ಆದರೆ ಕೈಯಲ್ಲಿ ಸಂಖ್ಯೆ ಹಿಡಿದರೇ ನಂಬಿಕೆ ಬರುವುದು ಅನ್ನುವವರಿಗೆ ಗ್ಯಾಲಿಯನ್ ದಾರಿಯೇ ಸರಿ.

ಗ್ಯಾಲಿಯನ್‌ನ ತೊಂದರೆ ಅಂದರೆ ಅದೇ ಮಾತುಗಾರಿಕೆ. ಉದಾಹರಣೆಗಳ ಸಂತೆಯಲ್ಲಿ ಮುಖ್ಯ ಪ್ರಮೇಯ ಯಾವುದು ಅಂತ ಕೆಲವೊಮ್ಮೆ ಮಂಕಾಗುತ್ತದೆ. ಲೆಕ್ಕಗಳೂ ವಿಪರೀತ. ಎಲ್ಲವನ್ನೂ ಮಾಡುತ್ತೇನೆ ಅಂತ ಹಟ ಹಿಡಿದವರು ನಾಲ್ಕನೇ ಅಧ್ಯಾಯ ದಾಟುವುದು ಕಷ್ಟ. ಪ್ರತಿ ಅಧ್ಯಾಯಕ್ಕೆ ಹತ್ತು ಹನ್ನೆರಡು ಆರಿಸಿಕೊಳ್ಳಿ, ಅರ್ಧ ಎಣಿಕೆಯವು, ಅರ್ಧ ಸಾಧನೆಯವು. ಹಳೆಯ ಆವೃತ್ತಿ ಸಿಕ್ಕರೆ ಧಾರಾಳವಾಗಿ ತೆಗೆದುಕೊಳ್ಳಿ. ಗ್ರೂಪ್‌ನ ವ್ಯಾಖ್ಯೆ ಆವೃತ್ತಿಯಿಂದ ಆವೃತ್ತಿಗೆ ಬದಲಾಗುವುದಿಲ್ಲ.

ಇವೆರಡರಲ್ಲಿ ಯಾವುದು ಅಂತ ನನ್ನನ್ನೇ ಕೇಳಿದರೆ, ಸಾಧನೆ ಬರೆಯಲು ಹೆದರಿಕೆ ಇಲ್ಲದವರಿಗೆ ಪಿಂಟರ್, ಲೆಕ್ಕ ಹಾಕಿ ಹಾಕಿ ಧೈರ್ಯ ಬರಬೇಕಾದವರಿಗೆ ಗ್ಯಾಲಿಯನ್.

ಕಾಸು ಖರ್ಚು ಮಾಡದೆ: ಜಡ್ಸನ್

ಥಾಮಸ್ ಜಡ್ಸನ್ ಅವರ 'ಆಬ್‌ಸ್ಟ್ರ್ಯಾಕ್ಟ್ ಆಲ್ಜಿಬ್ರಾ: ಥಿಯರಿ ಅಂಡ್ ಅಪ್ಲಿಕೇಶನ್ಸ್' ಪೂರ್ತಿ ಉಚಿತ, ಕದ್ದ ಪ್ರತಿಯಲ್ಲ, ಲೇಖಕರೇ ಮುಕ್ತ ಲೈಸೆನ್ಸ್‌ನಲ್ಲಿ ಕೊಟ್ಟದ್ದು. ಬ್ರೌಸರ್‌ನಲ್ಲೇ ಓದಬಹುದು. 23 ಅಧ್ಯಾಯ, ಕೊನೆಯದು ಗಾಲ್ವಾ ಸಿದ್ಧಾಂತ. ಅಧ್ಯಾಯಗಳ ಕೊನೆಗೆ ಸೇಜ್ ಅನ್ನುವ ಉಚಿತ ಸಾಫ್ಟ್‌ವೇರ್‌ನ ಪಾಠಗಳಿವೆ, ಅವನ್ನು ಬರೆದವರು ರಾಬರ್ಟ್ ಬೀಜರ್. ಕೋಡ್ ಬರೆದು ಅಭ್ಯಾಸ ಇರುವವರಿಗೆ ಇದು ಹಬ್ಬ. ಒಂದು ಗ್ರೂಪ್‌ನ ಎಲ್ಲ ಸಬ್‌ಗ್ರೂಪ್ ಪಟ್ಟಿ ಮಾಡಿಸಿ, ಯಾವುದು ನಾರ್ಮಲ್ ಅಂತ ಕೇಳಿ, ನಿಮ್ಮ ಊಹೆ ಸರಿಯಾ ಅಂತ ಆ ಕ್ಷಣವೇ ನೋಡಬಹುದು.

ಬರವಣಿಗೆ ಮಾತ್ರ ಸಪ್ಪೆ. ವ್ಯಾಖ್ಯೆ, ಉದಾಹರಣೆ, ಪ್ರಮೇಯ, ಸಾಧನೆ, ಮುಂದೆ. ಕೋಸೆಟ್ 6ನೇ ಅಧ್ಯಾಯ, ಫ್ಯಾಕ್ಟರ್ ಗ್ರೂಪ್ 10ನೇ ಅಧ್ಯಾಯ. ನಡುವೆ ಗೂಢಲಿಪಿ, ಕೋಡಿಂಗ್ ಸಿದ್ಧಾಂತದ ಅಧ್ಯಾಯಗಳು. ಕಂಪ್ಯೂಟರ್ ಕಡೆಯಿಂದ ಬಂದವರಿಗೆ ಆ ನಡುವಿನ ಅಧ್ಯಾಯಗಳೇ ಉತ್ಸಾಹ ಕೊಡಬಹುದು. ಉಳಿದವರು 6ರಿಂದ ಸೀದಾ 9, 10ಕ್ಕೆ ಹಾರಿದರೆ ನಷ್ಟವಿಲ್ಲ. ಇಲ್ಲದಿದ್ದರೆ ಕೋಸೆಟ್ ನೆನಪು ಆರಿಹೋಗುತ್ತದೆ.

ನನ್ನ ಮಟ್ಟಿಗೆ ಜಡ್ಸನ್ ಒಳ್ಳೆಯ ಎರಡನೇ ಪುಸ್ತಕ. ಪಿಂಟರ್ ಹೇಳಿದ್ದು ಅರ್ಥವಾಗದಿದ್ದಾಗ ಅದೇ ವಿಷಯ ಇನ್ನೊಬ್ಬರ ಬಾಯಲ್ಲಿ ಕೇಳಲು.

ಕಣ್ಣಿಂದ ಕಲಿಯುವವರಿಗೆ

ನೇಥನ್ ಕಾರ್ಟರ್ 2009ರಲ್ಲಿ ಬರೆದ 'ವಿಷುಯಲ್ ಗ್ರೂಪ್ ಥಿಯರಿ' ಹೆಸರಿಗೆ ತಕ್ಕ ಹಾಗೆ ಚಿತ್ರಮಯ. ರೂಬಿಕ್ಸ್ ಕ್ಯೂಬ್‌ನಿಂದ ಶುರು. ಪ್ರತಿ ಗ್ರೂಪನ್ನೂ ಚುಕ್ಕಿ ಮತ್ತು ಬಣ್ಣದ ಬಾಣಗಳ ನಕ್ಷೆಯಾಗಿ ಬಿಡಿಸುತ್ತಾರೆ, ಅದಕ್ಕೆ ಕೇಲಿ ಡಯಾಗ್ರಾಮ್ ಅಂತ ಹೆಸರು. ಮೇಲೆ ಹೇಳಿದ ತ್ರಿಕೋನದ ಕುಸಿತ ಇಲ್ಲಿ ಚಿತ್ರದಲ್ಲೇ ಕಾಣುತ್ತದೆ. ಕಟ್ಟುಗಳನ್ನು ಒಂದೊಂದು ಚುಕ್ಕಿಯಾಗಿ ಕುಗ್ಗಿಸಿದಾಗ ಒಂದೇ ಬಣ್ಣದ ಬಾಣಗಳು ಒಂದೇ ಕಡೆಗೆ ಹೋದರೆ ಕ್ವೋಶೆಂಟ್ ಉಂಟು, ದಿಕ್ಕಾಪಾಲಾದರೆ ಇಲ್ಲ. ಕೋಸೆಟ್ ಪರೀಕ್ಷೆಯಲ್ಲಿ ಎಲ್ಲರಿಗಿಂತ ಜಾಸ್ತಿ ಅಂಕ ನಾನು ಕೊಡುವುದು ಇದಕ್ಕೇ. ಇದರ ಜೊತೆಗೆ ಗ್ರೂಪ್ ಎಕ್ಸ್‌ಪ್ಲೋರರ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ, ಬ್ರೌಸರ್‌ನಲ್ಲಿ ನಡೆಯುತ್ತದೆ, ನಕ್ಷೆಗಳನ್ನು ತಿರುಗಿಸಿ ನೋಡಬಹುದು. ಮ್ಯಾಥ್ಯೂ ಮಕಾಲಿ ಅವರು ಇದೇ ದಾರಿಯಲ್ಲಿ ಮಾಡಿದ ಪಾಠಗಳು ಯೂಟ್ಯೂಬ್‌ನಲ್ಲಿವೆ.

ಆದರೆ ಇದೊಂದೇ ಸಾಲದು. ಗಮನ ಪೂರ್ತಿ ಗ್ರೂಪ್‌ಗಳ ಮೇಲೆ, ರಿಂಗ್‌ಗಳ ಪಾಠ ಅಂತ ಇಲ್ಲಿ ನಿರೀಕ್ಷಿಸಬೇಡಿ. ಮತ್ತೆ, ಚಿತ್ರ ನೋಡಿ ಒಪ್ಪಿಕೊಳ್ಳುವುದು ಒಂದು, ಸಾಧನೆ ಬರೆಯುವುದು ಇನ್ನೊಂದು. ಪಿಂಟರ್ ಜೊತೆಗೆ ಇಟ್ಟುಕೊಂಡರೆ ಜೋಡಿ ಭರ್ಜರಿ.

ದಪ್ಪ ಪುಸ್ತಕಗಳು

ಡಮಿಟ್ ಮತ್ತು ಫೂಟ್ ಅವರ 'ಆಬ್‌ಸ್ಟ್ರ್ಯಾಕ್ಟ್ ಆಲ್ಜಿಬ್ರಾ', ಮೂರನೇ ಆವೃತ್ತಿ, 900 ಪುಟ ಮೀರಿದ್ದು. ಏನು ಕೇಳಿದರೂ ಇದರಲ್ಲಿದೆ. ಅದಕ್ಕೇ ಎಲ್ಲರೂ ಇದರ ಹೆಸರು ಹೇಳುತ್ತಾರೆ, ಮತ್ತು ಅದಕ್ಕೇ ಹೊಸಬರಿಗೆ ಇದು ಭಾರ. ಕ್ವೋಶೆಂಟ್ ಗ್ರೂಪ್ ಮೂರನೇ ಅಧ್ಯಾಯದಲ್ಲೇ ಬಂದುಬಿಡುತ್ತದೆ, ಹೋಮೋಮಾರ್ಫಿಸಮ್ ಮೂಲಕ, ಬಹಳ ಸೊಗಸಾಗಿ. ಆದರೆ ಆ ಸೊಗಸು ಕಾಣುವುದು ಎರಡನೇ ಸಲ ಓದುವಾಗ. ಹಿಂದೆ ಉತ್ತರಗಳೂ ಇಲ್ಲ. ಮೊದಲ ಪುಸ್ತಕ ಮುಗಿಸಿ ಆಮೇಲೆ ನಿಘಂಟಿನ ಹಾಗೆ ಬಳಸುವುದಾದರೆ ಇದರಷ್ಟು ನಂಬಿಕಸ್ಥ ಬೇರೆ ಇಲ್ಲ.

ಮೈಕೆಲ್ ಆರ್ಟಿನ್ ಅವರ 'ಆಲ್ಜಿಬ್ರಾ' 1991ರದ್ದು, ಎರಡನೇ ಆವೃತ್ತಿಯೂ ಬಂದಿದೆ. ಇದು ಮ್ಯಾಟ್ರಿಕ್ಸ್‌ನಿಂದ ಶುರುವಾಗುತ್ತದೆ, ಎರಡನೇ ಅಧ್ಯಾಯಕ್ಕೆ ಗ್ರೂಪ್. ಲೀನಿಯರ್ ಆಲ್ಜಿಬ್ರಾ ಚೆನ್ನಾಗಿ ಗೊತ್ತಿದ್ದರೆ ಗ್ರೂಪ್‌ಗಳಿಗೆ ಉದಾಹರಣೆ ನಿಮ್ಮ ಕೈಯಲ್ಲೇ ಇದ್ದ ಹಾಗೆ, ಇದು ರುಚಿಸುತ್ತದೆ. ಗೊತ್ತಿಲ್ಲದಿದ್ದರೆ ಒಂದೇ ಸಲ ಎರಡು ವಿಷಯ ಕಲಿಯುವ ಒದ್ದಾಟ. ಒಂದು ಅನುಕೂಲ ಇದೆ: ಬೆನೆಡಿಕ್ಟ್ ಗ್ರಾಸ್ 2003ರಲ್ಲಿ ಹಾರ್ವರ್ಡ್‌ನಲ್ಲಿ ಮಾಡಿದ ಪಾಠಗಳ ವಿಡಿಯೋ ಉಚಿತವಾಗಿ ಸಿಗುತ್ತದೆ, ಅವರು ಹಿಡಿದುಕೊಂಡಿದ್ದು ಇದೇ ಪುಸ್ತಕ. ಪುಸ್ತಕ ಬಿಗಿಯಾದ ಕಡೆ ಗ್ರಾಸ್ ಸಡಿಲ ಮಾಡುತ್ತಾರೆ.

ಹರ್ಸ್ಟೈನ್ ಅವರ 'ಟಾಪಿಕ್ಸ್ ಇನ್ ಆಲ್ಜಿಬ್ರಾ', 1964. ಹಳೇ ತಲೆಮಾರಿನ ಅಚ್ಚುಮೆಚ್ಚು. ಪಾಠ ಓದಲು ಹಿತ, ಆದರೆ ಲೆಕ್ಕಗಳು ಮುಳ್ಳು. ನಕ್ಷತ್ರದ ಗುರುತು ಹಾಕಿದವಂತೂ ದಿನಗಟ್ಟಲೆ ಕಾಡುತ್ತವೆ. ಒಗಟು ಬಿಡಿಸುವ ಚಟ ಇದ್ದವರಿಗೆ ಮಾತ್ರ ಹೇಳುತ್ತೇನೆ. ಲ್ಯಾಂಗ್ ಅವರ 'ಆಲ್ಜಿಬ್ರಾ' ಈ ಪಟ್ಟಿಗೇ ಬರುವುದಿಲ್ಲ. ಯಾರಾದರೂ ಹೊಸಬರಿಗೆ ಅದನ್ನು ಹೇಳಿದರೆ ತಮಾಷೆ ಮಾಡುತ್ತಿದ್ದಾರೆ ಅಂತ ತಿಳಿಯಿರಿ.

ರಿಂಗ್‌ನಿಂದ ಶುರು ಮಾಡಿದರೆ?

ಮೇಲಿನವರೆಲ್ಲ ಗ್ರೂಪ್ ಮೊದಲು, ರಿಂಗ್ ಆಮೇಲೆ ಅನ್ನುವವರು. ಥಾಮಸ್ ಹಂಗರ್‌ಫೋರ್ಡ್ ಅವರ 'ಆಬ್‌ಸ್ಟ್ರ್ಯಾಕ್ಟ್ ಆಲ್ಜಿಬ್ರಾ: ಆ್ಯನ್ ಇಂಟ್ರೊಡಕ್ಷನ್' ಉಲ್ಟಾ ಹೋಗುತ್ತದೆ. ಮೊದಲು ಪೂರ್ಣಾಂಕಗಳು, ಭಾಗಾಕಾರ, ಶೇಷ. ಆಮೇಲೆ ರಿಂಗ್. ಆಮೇಲೆ ಅದೇ ಕಥೆ ಬಹುಪದೋಕ್ತಿಗಳ ಜೊತೆ. ಗ್ರೂಪ್ ಬರುವುದು 7ನೇ ಅಧ್ಯಾಯಕ್ಕೆ.

ಇದರ ಲಾಭ ಏನೆಂದರೆ ಕೋಸೆಟ್ ಮುಳ್ಳು ಮೊನೆ ಕಳೆದುಕೊಂಡಿರುತ್ತದೆ. ಶೇಷದ ಲೆಕ್ಕವನ್ನು ಪೂರ್ಣಾಂಕದಲ್ಲಿ ಒಮ್ಮೆ, ಬಹುಪದೋಕ್ತಿಯಲ್ಲಿ ಒಮ್ಮೆ, ರಿಂಗ್‌ನಲ್ಲಿ ಮತ್ತೊಮ್ಮೆ ಮಾಡಿ, ನಾಲ್ಕನೇ ಸಲ ಗ್ರೂಪ್‌ನಲ್ಲಿ ನೋಡುವಾಗ ಹಳೇ ಪರಿಚಯ. ಹಿಂದೆಮುಂದೆ ಮಾಡಿದರೆ ಉತ್ತರ ಬದಲಾಗುವ ತಲೆನೋವೂ ತಡವಾಗಿ ಬರುತ್ತದೆ. ಗೂಢಲಿಪಿಗೋ ಸಂಖ್ಯಾ ಸಿದ್ಧಾಂತಕ್ಕೋ (ನಂಬರ್ ಥಿಯರಿ) ಬೇಕಾಗಿ ಕಲಿಯುವವರು, ಶಾಲೆಯ ಬೀಜಗಣಿತ ಪಾಠ ಮಾಡುವವರು ಈ ದಾರಿ ಹಿಡಿಯಲಿ. ಸಮ್ಮಿತಿ, ಭೌತಶಾಸ್ತ್ರ, ಕ್ಯೂಬ್ ಅಂತ ಆಸೆಯಿಂದ ಬಂದವರು ಮಾತ್ರ ಮೊದಲ ಆರು ಅಧ್ಯಾಯ ಆಕಳಿಸುವ ಸಾಧ್ಯತೆ ಇದೆ.

ವಿಡಿಯೋಗಳ ಬಗ್ಗೆ ಎರಡು ಮಾತು

ಸೋಕ್ರಾಟಿಕಾ ಚಾನೆಲ್‌ನ ಪುಟ್ಟ ವಿಡಿಯೋಗಳು ಚೆನ್ನಾಗಿವೆ, ಒಂದೊಂದು ಪದದ ಅರ್ಥ ಸರಸರ ಹೇಳಿ ಮುಗಿಸುತ್ತಾರೆ. ಅಧ್ಯಾಯ ಓದುವ ಮುಂಚೆ ಒಂದು ನೋಡಿದರೆ ದಾರಿ ಕಾಣುತ್ತದೆ. ಗ್ರಾಸ್, ಮಕಾಲಿ ಅವರದು ಪೂರ್ತಿ ತರಗತಿಯ ಪಾಠ, ಅಧ್ಯಾಯ ಓದಿದ ಮೇಲೆ ನೋಡುವುದು ಒಳ್ಳೆಯದು. ಯಾವುದಾದರೂ ಸರಿ, ನೋಡಿದ ದಿನವೇ ಎರಡು ಲೆಕ್ಕ ಮಾಡದಿದ್ದರೆ ಅದು ಮನರಂಜನೆಯ ಲೆಕ್ಕಕ್ಕೆ ಜಮಾ. ನಾನು ಹಾಗೆ ಒಂದು ಚಳಿಗಾಲ ಪೂರ್ತಿ ಮನರಂಜನೆ ಪಡೆದವನು.

ಉತ್ತರ ನೋಡುವ ವಿಚಾರವೂ ಹೀಗೇ. ಈ ಪುಸ್ತಕಗಳ ಬಹಳಷ್ಟು ಲೆಕ್ಕಕ್ಕೆ ಬಿಡಿಸಿದ ಉತ್ತರ ಎಲ್ಲೋ ಒಂದು ಕಡೆ ಸಿಕ್ಕೇ ಸಿಗುತ್ತದೆ. ಅರ್ಧ ಗಂಟೆ ಒದ್ದಾಡಿದ ಮೇಲೆ ನೋಡಿ, ಆದರೆ ಮೊದಲ ಸಾಲು ಮಾತ್ರ. ಚಾಟ್‌ಬಾಟ್ ಕೇಳಿದರೆ ಅದು ತಪ್ಪು ಸಾಧನೆಯನ್ನೂ ಅಷ್ಟೇ ಧೈರ್ಯವಾಗಿ ಹೇಳಬಲ್ಲದು. ಹೊಸಬರಿಗೆ ಆ ತಪ್ಪು ಹಿಡಿಯುವಷ್ಟು ಕಣ್ಣು ಇನ್ನೂ ಬಂದಿರುವುದಿಲ್ಲ. ನನ್ನ ಸಾಧನೆಯಲ್ಲಿ ತಪ್ಪೆಲ್ಲಿ ಅಂತ ಕೇಳುವುದು, ಸಾಧನೆ ಬರೆದುಕೊಡು ಅಂತ ಕೇಳುವುದಕ್ಕಿಂತ ವಾಸಿ.

ಎರಡು ಪುಸ್ತಕ ಒಟ್ಟಿಗೆ ಓದುವವರಿಗೆ

ನಾನು ಹೇಳಿದ ಜೋಡಿಗಳನ್ನು ಹಿಡಿದರೆ ಒಂದು ಎಡವಟ್ಟು ಕಾದಿದೆ. ಲೇಖಕರು ಒಬ್ಬೊಬ್ಬರು ಒಂದೊಂದು ರೂಢಿ ಇಟ್ಟುಕೊಂಡಿದ್ದಾರೆ.

1 ಮತ್ತು 2ನ್ನು ಅದಲುಬದಲು ಮಾಡುವುದು ಒಂದು ಕೆಲಸ, 2 ಮತ್ತು 3ನ್ನು ಅದಲುಬದಲು ಮಾಡುವುದು ಇನ್ನೊಂದು. ಎರಡನ್ನೂ ಪಕ್ಕಪಕ್ಕ (1 2)(2 3) ಅಂತ ಬರೆದರೆ ಯಾವುದು ಮೊದಲು? ಗ್ಯಾಲಿಯನ್ ಬಲದಿಂದ ಎಡಕ್ಕೆ ಓದುತ್ತಾರೆ, ಆಗ ಉತ್ತರ (1 2 3): 1 ಹೋಗಿ 2ರಲ್ಲಿ, 2 ಹೋಗಿ 3ರಲ್ಲಿ, 3 ಹೋಗಿ 1ರಲ್ಲಿ. ಹರ್ಸ್ಟೈನ್ ಫಂಕ್ಷನ್ ಅನ್ನು ಬಲಗಡೆ ಬರೆಯುವವರು, ಅವರಲ್ಲಿ ಎಡದಿಂದ ಬಲಕ್ಕೆ. ಆಗ ಉತ್ತರ (1 3 2). ಒಂದೇ ಲೆಕ್ಕ, ಎರಡು ಉತ್ತರ, ಎರಡೂ ಸರಿ. ನಾನು ಇದು ಗೊತ್ತಿಲ್ಲದೆ ಒಂದು ಭಾನುವಾರ ಪೂರ್ತಿ ಕಳೆದುಕೊಂಡೆ. ಮೇಲೆ ತ್ರಿಕೋನದಲ್ಲಿ ನಾನು ಬಳಸಿದ್ದೂ ಎಡದಿಂದ ಬಲಕ್ಕೆ, ಗಮನಿಸಿ. ಕನ್ನಡ ಓದುವ ಕಣ್ಣಿಗೆ ಅದು ಸಲೀಸು.

ರಿಂಗ್‌ಗಳಲ್ಲೂ ಇದೇ ಗೋಳು. ಗುಣಾಕಾರಕ್ಕೆ 1 ಇರಲೇಬೇಕಾ? ಗ್ಯಾಲಿಯನ್ ಬೇಡ ಅನ್ನುತ್ತಾರೆ, ಅವರಿಗೆ ಸಮಸಂಖ್ಯೆಗಳೆಲ್ಲ ಸೇರಿ ಒಂದು ರಿಂಗ್. ಆರ್ಟಿನ್‌ಗೆ 1 ಬೇಕೇ ಬೇಕು, ಹಾಗಾಗಿ ಅವರ ಪುಸ್ತಕದಲ್ಲಿ ಸಮಸಂಖ್ಯೆಗಳು ರಿಂಗ್ ಅಲ್ಲ. ಒಂದರ ಪ್ರಮೇಯ ತಂದು ಇನ್ನೊಂದರ ಲೆಕ್ಕಕ್ಕೆ ಹಚ್ಚಿದರೆ ಎಲ್ಲೋ ಒಂದು ಕಡೆ ಕೂರುವುದಿಲ್ಲ.

ಹಾಗಾಗಿ ನೋಟ್‌ಬುಕ್‌ನ ಮೊದಲ ಪುಟದಲ್ಲಿ ನಿಮ್ಮ ಮುಖ್ಯ ಪುಸ್ತಕದ ರೂಢಿ ಬರೆದಿಡಿ: ಅದಲುಬದಲು ಯಾವ ಕಡೆಯಿಂದ, ರಿಂಗ್‌ಗೆ 1 ಬೇಕಾ ಬೇಡವಾ, ಕ್ವೋಶೆಂಟ್ ಅನ್ನುತ್ತಾರಾ ಫ್ಯಾಕ್ಟರ್ ಅನ್ನುತ್ತಾರಾ. ಎರಡನೇ ಪುಸ್ತಕ ತೆರೆದಾಗಲೆಲ್ಲ ಆ ಪುಟ ಒಮ್ಮೆ ನೋಡಿಕೊಳ್ಳಿ. ಕತ್ತರಿಸಿದ ಕಾಗದದ ತ್ರಿಕೋನವನ್ನೂ ಅಲ್ಲೇ ಸಿಕ್ಕಿಸಿಡಿ, ಕೋಸೆಟ್ ಅಧ್ಯಾಯ ಬಂದಾಗ ಮತ್ತೆ ಬೇಕಾಗುತ್ತದೆ.